ಕೊಟ್ಟೂರಿನ ಮುದ್ದೆ ಮತ್ತು ಹೊಟ್ಟೆಯ ಬೈಪಾಸ್

ನನ್ನ ಎಂಡೋಸ್ಕೋಪಿಗೆ ಪರದೆ ಇರಲಿಲ್ಲ. ರೋಗಿಯ ಬಾಯಿಂದ ಹೊಟ್ಟೆಗೆ ಇಳಿಯುವ ಕಪ್ಪು ಕೊಳವೆ, ಅದರ ಈ ತುದಿಗೆ ಒಂದೇ ಕಣ್ಣಿನ ಅಳತೆಯ ಗಾಜು. ಗಾಜಿಗೆ ಕಣ್ಣು ಒತ್ತಿದವನಿಗೆ ಮಾತ್ರ ಒಳಗಿನದು ಕಾಣುತ್ತಿತ್ತು. ಚಿತ್ರ ತೆಗೆದಿಡುವ ಅನುಕೂಲವೂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುವ ಹೊಟ್ಟೆಯೊಳಗಿನ ಸಂಗತಿಗಳೆಲ್ಲ ನನ್ನ ಒಂದು ಕಣ್ಣಿನ ಸಾಕ್ಷಿ, ಅದೂ ಹಳೆಯದು. ಯಾರಾದರೂ ನನ್ನ ಎದುರು ಇಂಥ ಸಾಕ್ಷಿ ಹೇಳಿದರೆ ನಾನೇ ಪೂರ್ತಿ ನಂಬುವುದಿಲ್ಲ.

ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ. ಒಂದೇ ಊರಿನಲ್ಲಿ ವಾರವಿಡೀ ಕೂರಲು ನನಗೆ ಆಗುತ್ತಿರಲಿಲ್ಲವಾದ್ದರಿಂದ ಸೋಮವಾರ ಕೂಡ್ಲಿಗಿ, ಮಂಗಳವಾರ ಕೊಟ್ಟೂರು, ಆಮೇಲೆ ಹಡಗಲಿ, ಹರಪನಹಳ್ಳಿ ಎಂದು ದಿನಗಳನ್ನು ಹಂಚಿಕೊಂಡಿದ್ದೆ. ಎಂಡೋಸ್ಕೋಪಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡು ಓಡಾಡುತ್ತಿದ್ದೆ. ಪಕ್ಕದ ಸೀಟಿನವರು ಕೇಳುತ್ತಿದ್ದರು, “ಏನ್ರಿ ಅದು, ಹಾರ್ಮೋನಿಯಂ?” ವಿವರಿಸಲು ಬೇಸರವಾಗಿ ಹೌದೆಂದರೆ, “ಯಾವ ನಾಟಕ ಕಂಪನಿ?” ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು.

ನಾನು ಹೇಳಹೊರಟಿರುವ ರೋಗಿ, ಒಬ್ಬ ಹೆಂಗಸು, ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತಿದ್ದರು. ಐವತ್ತು ದಾಟಿದ್ದಿರಬೇಕು. ಗಂಡ ತೀರಿಕೊಂಡ ಮೇಲೆ ತಮ್ಮನನ್ನು ಜೊತೆಗಿಟ್ಟುಕೊಂಡು ಒಲೆ ಹಚ್ಚಿದವರು. ಹಲವು ವರ್ಷದಿಂದ ಹೊಟ್ಟೆನೋವು. ನೋವೆದ್ದಾಗ ಸೋಡಾಪುಡಿ ಕದಡಿ ಕುಡಿದು ತಳ್ಳಿಕೊಂಡು ಬಂದಿದ್ದರು. ನನ್ನ ಬಳಿ ಬರುವ ಹೊತ್ತಿಗೆ ನೋವು ಹೋಗಿ ವಾಂತಿ ಉಳಿದಿತ್ತು.

“ಊರಿಗೆಲ್ಲ ಉಣ್ಣಾಕ ಇಕ್ಕತೀನಿ ಡಾಕ್ಟ್ರ, ನನ್ನ ಹೊಟ್ಟ್ಯಾಗ ಒಂದು ತುತ್ತು ನಿಲ್ಲವಲ್ದು. ನಿನ್ನೆ ಉಂಡಿದ್ದು ಇವತ್ತು ಬರತೈತಿ. ಇದು ಮಧ್ಯಾಹ್ನದ್ದು, ಇದು ರಾತ್ರೀದು ಅಂತ ಗುರ್ತು ಹಿಡೀಬೋದು.”

ಎಂಡೋಸ್ಕೋಪಿನಲ್ಲಿ ಕಂಡದ್ದು ಆ ದಿನಗಳಲ್ಲಿ ಬೇಕಾದಷ್ಟು ಕಾಣುತ್ತಿದ್ದ ಸ್ಥಿತಿಯೇ. ಹಳೆಯ ಹುಣ್ಣು ಮಾಯುತ್ತ, ಮತ್ತೆ ಆಗುತ್ತ, ಜಠರದಿಂದ ಕರುಳಿಗೆ ಹೋಗುವ ಬಾಯಿ ಸುಕ್ಕುಗಟ್ಟಿ ಮುಚ್ಚಿತ್ತು. ನಮ್ಮ ನರ್ಸಿಂಗ್ ಹೋಮಿನ ಹಿರಿಯ ಸರ್ಜನ್ ಆಪರೇಷನ್ ಮಾಡಿದರು. ಆಮ್ಲ ಸುರಿಸಲು ಜಠರಕ್ಕೆ ಅಪ್ಪಣೆ ಕೊಡುವ ನರವನ್ನು ಕತ್ತರಿಸುವುದು, ಮುಚ್ಚಿದ ಬಾಯಿಯನ್ನು ಹಾಗೇ ಬಿಟ್ಟು ಕೆಳಗಿನ ಸಣ್ಣ ಕರುಳನ್ನು ಮೇಲೆತ್ತಿ ಜಠರಕ್ಕೆ ಜೋಡಿಸಿ ಹೊಲಿಯುವುದು. ಊರಿನೊಳಗಿನ ರಸ್ತೆ ಕಟ್ಟಿಕೊಂಡರೆ ಹೊರಗಿಂದ ಒಂದು ರಸ್ತೆ. ಜನ ಅದನ್ನು ಹೊಟ್ಟೆಯ ಬೈಪಾಸ್ ಎನ್ನುತ್ತಿದ್ದರು; ನಾವೂ ಹಾಗೇ ಹೇಳತೊಡಗಿದ್ದೆವು.

ಈ ಆಪರೇಷನ್ನಿನ ನಂತರ ಏನೇನು ಆಗಬಹುದೆಂಬುದು ನಮಗೆ ತಿಳಿದಿತ್ತು. ಸಿಹಿ ಉಂಡ ಕೂಡಲೇ ಬೆವರಿ, ಎದೆ ಹೊಡೆದುಕೊಂಡು ಮಲಗಬೇಕಾಗುವವರು ಇದ್ದರು. ಹರಪನಹಳ್ಳಿಯ ಒಬ್ಬ ಮೇಷ್ಟ್ರು ಮದುವೆ ಮನೆಯಲ್ಲಿ ಹೋಳಿಗೆ ತಿಂದು ಪಂಕ್ತಿಯಲ್ಲೇ ಒರಗಿಬಿಟ್ಟಿದ್ದರು. ಕೆಲವರಿಗೆ ಹಸಿರು ಪಿತ್ತದ ವಾಂತಿ, ಕೆಲವರಿಗೆ ಭೇದಿ, ಕೆಲವರಿಗೆ ಹೊಲಿಗೆಯ ಅಂಚಿನಲ್ಲೇ ಹೊಸ ಹುಣ್ಣು. ಖಾನಾವಳಿಯ ಅಮ್ಮನಿಗೆ ಇದಾವುದೂ ಆಗಲಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು, ಮೆತ್ತಗಿನ ಊಟ ಮಾಡಬೇಕೆಂಬ ಎಲ್ಲರಿಗೂ ಹೇಳುವ ಮಾತನ್ನು ಕೇಳಿಸಿಕೊಂಡು, ಬಸ್ ಹತ್ತಿ ಹೋದರು.

ಕೆಲವು ತಿಂಗಳು ಕಳೆದು ತಮ್ಮ ಅವರನ್ನು ಜೀಪಿನಲ್ಲಿ ಕರೆತಂದ. ಮತ್ತೆ ವಾಂತಿ. ಸೀರೆಯೊಳಗೆ ಆಳೇ ಇಲ್ಲದ ಹಾಗೆ ಇಳಿದುಹೋಗಿದ್ದರು. ಕಾಲಿನಲ್ಲಿ ಮಾತ್ರ ಬಾವು. ರಕ್ತದಲ್ಲಿ ಪ್ರೋಟೀನ್ ಕುಸಿದಿತ್ತು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದೆವು. ಜಠರ ದೊಡ್ಡ ಚೀಲದಂತೆ ಜೋತಿತ್ತು, ಹೊಲಿದ ಬಾಯಿಯ ಹತ್ತಿರ ಒಂದು ಖಾಲಿ ನೆರಳು.

ಹಿರಿಯ ಸರ್ಜನ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. “ಹೊಲಿದ ಬಾಯಿ ಮುಚ್ಚಿಕೊಂಡೈತಿ. ಬಿಚ್ಚಿ ಮತ್ತ ಹೊಲೀಬೇಕು.”

“ಪೂರಾ ಮುಚ್ಚಿದ್ದರ ಬೇರಿಯಂ ಕೆಳಗ ಇಳೀಬಾರದಿತ್ತಲ್ರೀ ಸರ್. ಇಲ್ಲಿ ಒಂದು ಗೆರಿ ಅದ ನೋಡ್ರಿ.”

“ಗೆರಿ ನಿನಗ ಕಾಣತೈತಿ. ನನಗ ಕಾಣವಲ್ದು.”

ಇಬ್ಬರೂ ಒಂದೇ ಫಿಲ್ಮ್ ನೋಡುತ್ತಿದ್ದೆವು. ಆ ಗೆರೆ ಇತ್ತೋ ಇಲ್ಲವೋ, ಇಂದಿಗೂ ಖಚಿತವಾಗಿ ಹೇಳಲಾರೆ. ಆದರೆ ಆ ಸ್ಥಿತಿಯ ದೇಹಕ್ಕೆ ಎರಡನೇ ಸಲ ಕತ್ತಿ ಹಾಕುವುದೆಂದರೆ ಏನೆಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ. ಹೊಲಿಗೆ ಕೂಡದೆ ಹೋಗಬಹುದು. ಹೊಟ್ಟೆಯೊಳಗೆ ಸೋರಿದರೆ ಆಮೇಲೆ ಮಾಡುವುದು ಹೆಚ್ಚೇನೂ ಉಳಿಯುವುದಿಲ್ಲ. ಆಪರೇಷನ್ ಮಾಡದೆ ಬಿಟ್ಟರೆ ಉಪವಾಸದಿಂದಲೇ ಹೋಗುತ್ತಾರೆ. ಸರ್ಜನ್ ಇದನ್ನು ಮುಚ್ಚಿಡದೆ ತಮ್ಮನಿಗೆ ಹೇಳಿದರು. ಅಮ್ಮ ನನ್ನನ್ನು ಕರೆಸಿಕೊಂಡರು.

“ಇನ್ನೊಮ್ಮೆ ಕೊಯ್ದ್ರ ಏಳತೀನೇನು ನಾನು? ಖರೇ ಹೇಳ್ರಿ.”

“ಗೊತ್ತಿಲ್ರೀ ಅಮ್ಮಾ.”

“ಗೊತ್ತಿಲ್ಲ ಅನ್ನೋ ಡಾಕ್ಟ್ರನ್ನ ಇವತ್ತ ನೋಡಿದೆ,” ಎಂದು ಗೋಡೆಯ ಕಡೆ ಹೊರಳಿದರು. ಆ ಕಡೆಯಿಂದಲೇ, “ಗೊತ್ತು ಮಾಡ್ಕೊಂಡು ಬರ್ರಿ,” ಎಂದರು.

ಆಪರೇಷನ್ ಶುಕ್ರವಾರ ಎಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಒಮ್ಮೆ ಎಂಡೋಸ್ಕೋಪ್ ಹಾಕಿ ನೋಡುತ್ತೇನೆಂದೆ. ಹೊಲಿದ ಬಾಯಿ ಎಷ್ಟು ಕಿರಿದಾಗಿದೆ ಎಂದು ತಿಳಿದರೆ ಸರ್ಜನ್‌ಗೂ ಅನುಕೂಲವೇ.

ಸೋಮವಾರ ಕೂಡ್ಲಿಗಿಗೆ ಹೋಗದೆ ಉಳಿದು, ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ ಕೊಳವೆ ಇಳಿಸಿದೆ. ಜಠರದ ತುಂಬ ಹಳೆಯ ನೀರು. ಅದನ್ನು ಹೀರಿ ತೆಗೆದು ಮುಂದೆ ಹೋದಾಗ ಹೊಲಿದ ಬಾಯಿ ಇರಬೇಕಾದ ಜಾಗದಲ್ಲಿ ಕಡುಹಸಿರು, ಬಹುತೇಕ ಕಪ್ಪು ಬಣ್ಣದ ಒಂದು ಉಂಡೆ. ಗಡ್ಡೆಯೇನೋ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಎಳೆದು ದೀಪ ಮತ್ತೆ ಹತ್ತುವವರೆಗೆ ಕೊಳವೆಯನ್ನು ಅಲ್ಲಾಡಿಸದೆ ಕತ್ತಲೆಗೆ ಕಣ್ಣೊತ್ತಿಕೊಂಡು ನಿಂತಿದ್ದೆ. ಬೆಳಕು ಬಂದಾಗ ಉಂಡೆ ಸ್ವಲ್ಪ ಪಕ್ಕಕ್ಕೆ ಸರಿದಂತೆ ಕಂಡಿತು. ಗೋಡೆಗೆ ಬೆಳೆದ ಗಡ್ಡೆ ಸರಿಯುವುದಿಲ್ಲ. ಸರಿದದ್ದು ಅದೋ ನನ್ನ ಕೈಯೋ ಎಂದು ಅನುಮಾನ ಬಂದು, ಚಿಮುಟಿ ಇಳಿಸಿ ಅದನ್ನು ಕಚ್ಚಿ ಎಳೆದೆ. ರಕ್ತ ಬರಲಿಲ್ಲ. ಹೊರಗೆ ಬಂದದ್ದು ಮಾಂಸವಲ್ಲ, ಒಂದು ಎಳೆ. ಹತ್ತಿಬಟ್ಟೆಯ ಮೇಲೆ ಇಟ್ಟೆ. ಸಿಸ್ಟರ್ ಅದರ ಎರಡು ತುದಿ ಹಿಡಿದು ಜಗ್ಗಿದರು, ಹರಿಯಲಿಲ್ಲ.

“ದಾರ ಇದ್ದಂಗೈತಲ್ರಿ ಸರ್. ಹೊಲಿಗಿ ದಾರೇನು?”

ಹೊಲಿಗೆಯ ದಾರವಲ್ಲ, ಏನೋ ನಾರು. ಅಷ್ಟು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. ಹೊಲಿದ ಬಾಯಿ ಮಾತ್ರ ಉಂಡೆಯ ಹಿಂದೆ ಮರೆಯಾಗಿ ಕಾಣಲೇ ಇಲ್ಲ. ಅದು ಮುಚ್ಚಿದ್ದರಿಂದ ಉಂಡೆ ನಿಂತಿತೋ, ಉಂಡೆ ನಿಂತದ್ದರಿಂದ ಅದು ಮುಚ್ಚಿದಂತೆ ಕಾಣುತ್ತಿದೆಯೋ? ಮೊದಲನೆಯದಾದರೆ ಸರ್ಜನ್ ಹೇಳಿದ್ದೇ ಸರಿ.

ಮರುದಿನ ಮಂಗಳವಾರ, ಕೊಟ್ಟೂರಿನ ಸರದಿ. ಮಧ್ಯಾಹ್ನ ಉಣ್ಣಲು ಅಮ್ಮನ ಖಾನಾವಳಿಗೇ ಹೋದೆ. ಬೇಕೆಂದೇ ಹೋದೆನೋ ಹಸಿವಿಗೆ ಹೋದೆನೋ ನೆನಪಿಲ್ಲ. ಬೇಕೆಂದೇ ಹೋದೆ ಎಂದು ಆಮೇಲೆ ಹಲವರಿಗೆ ಹೇಳಿದ್ದೇನೆ. ಅಕ್ಕನ ಬಳಿ ನೆಂಟರೊಬ್ಬರನ್ನು ಬಿಟ್ಟು ತಮ್ಮ ಆ ದಿನ ಒಲೆ ನೋಡಲು ಬಂದಿದ್ದ. ಬಿಸಿ ಜೋಳದ ಮುದ್ದೆ, ಹುಳಿಸೊಪ್ಪಿನ ಪುಂಡಿಪಲ್ಯ, ಈರುಳ್ಳಿ ಬಡಿಸಿದ. ನಾನು ಧಾರವಾಡದ ಕಡೆಯವನು. ಪುಂಡಿಪಲ್ಯ ನನಗೆ ಹೊಸದಲ್ಲ, ಆದರೆ ನಮ್ಮಲ್ಲಿ ಅದು ರೊಟ್ಟಿಯ ಜೊತೆ. ಮುದ್ದೆ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟು ಅಗಿಯತೊಡಗಿದೆ. ಎದುರು ಕೂತ ಮುದುಕರೊಬ್ಬರು ತಮ್ಮ ಊಟ ನಿಲ್ಲಿಸಿ ನನ್ನನ್ನೇ ನೋಡಿದರು.

“ರೊಟ್ಟಿ ಕಡೆಯೋರೇನ್ರಿ?”

“ಹೌದ್ರಿ. ಹೆಂಗ ಗೊತ್ತಾತು?”

“ಮುದ್ದೀನ ಅಗೀತೀರಲ್ಲ, ಹಲ್ಲು ಬಂದ ಹೊಸದ್ರಾಗ ಕೂಸು ಅಗಿದಂಗ.” ಪಂಕ್ತಿಯಲ್ಲಿ ಕೂತವರು ನಕ್ಕರು. “ಹಲ್ಲಿಗೆ ಹತ್ತಿಸಬಾರ್ದ್ರಿ. ತುತ್ತು ಮಾಡಬೇಕು, ಪಲ್ಲೇದಾಗ ಹೊರಳಿಸಬೇಕು, ಬಿಡಬೇಕು. ನೋಡ್ರಿ.”

ಅವರು ನಿಂಬೆಗಾತ್ರದ ತುತ್ತನ್ನು ಪಲ್ಯದಲ್ಲಿ ಹೊರಳಿಸಿದರು. ಎಲೆ, ದೇಟು, ಎಲ್ಲ ಅದರ ಮೈಗೆ ಸುತ್ತಿಕೊಂಡವು. ಬಾಯಿ ತೆರೆದು ಮುಚ್ಚಿದ್ದಷ್ಟೇ. ಗಂಟಲ ಮಣಿ ಒಮ್ಮೆ ಏರಿ ಇಳಿಯಿತು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಆಮೇಲೆ ತಟ್ಟೆಯಿಂದ ಒಂದು ದೇಟು ಎತ್ತಿ ಮುಂಬಲ್ಲಿನಿಂದ ಸೀಪಿದೆ. ಹುಳಿ ಹೋಗಿ ನಾರು ಉಳಿಯಿತು. ಪುಂಡಿ ಬಲಿತರೆ ಅದರ ಸಿಪ್ಪೆ ಬಿಡಿಸಿ ಹಗ್ಗ ಹೊಸೆಯುತ್ತಾರೆಂಬುದು ನನಗೂ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ.

ತಮ್ಮನನ್ನು ಕರೆದೆ. “ಆಪರೇಷನ್ ಆದ ಮ್ಯಾಲೆ ಅಕ್ಕಾರು ಏನು ಉಣತಿದ್ರು?”

“ಇದನ್ನ. ಎರಡೂ ಹೊತ್ತು.”

“ಮೊದಲೂ ಇದನ್ನ?”

“ಮೊದ್ಲು ರೊಟ್ಟಿ ಇತ್ತಲ್ರಿ. ಎಲ್ಲಾರಿಗೂ ಇಕ್ಕಿ, ಉಳಿದ ಕಟಕ್ ರೊಟ್ಟಿ ತಾನು ಕಡಕೊಂಡು ಕೂಡತಿದ್ಲು. ಮೆತ್ತಗಿಂದು ಉಣ್ಣು ಅಂದ್ರಲ್ರಿ ನೀವು, ಅವತ್ತಿಂದ ರೊಟ್ಟಿ ಮುಟ್ಟಿಲ್ಲ. ಮುದ್ದಿಗಿಂತ ಮೆತ್ತಗಿಂದು ಏನೈತ್ರಿ?”

ಆ ಮುದುಕರು ನುಂಗಿದ್ದನ್ನು ಅವರ ಜಠರ ಆಮ್ಲದಲ್ಲಿ ನೆನೆಸಿ, ಹಿಂಡಿ, ಅರೆದು ಮುಂದಕ್ಕೆ ಕಳಿಸುತ್ತದೆ. ಅಮ್ಮನ ಜಠರದ ನರವನ್ನು ನಾವು ಕತ್ತರಿಸಿದ್ದೆವು. ಹುಣ್ಣಿಗೆ ಅದು ಒಳ್ಳೆಯದು, ಅರೆಯುವುದಕ್ಕಲ್ಲ. ಆಮ್ಲ ಕಡಿಮೆ, ಹಿಂಡುವುದೂ ಕಡಿಮೆ. ನಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಅಗಿಯುವ ಊಟ ಬಿಟ್ಟು ನುಂಗುವ ಊಟ ಹಿಡಿದಿದ್ದರು.

ದೇಟಿನ ನಾರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಿಂದಿರುಗಿ, ಸಿಸ್ಟರ್ ಎತ್ತಿಟ್ಟಿದ್ದ ಎಳೆಯ ಪಕ್ಕ ಇಟ್ಟು ಸರ್ಜನ್‌ಗೆ ತೋರಿಸಿದೆ. ಎರಡೂ ಒಂದೇ ಎಂದು ಆಣೆ ಮಾಡಲಾರೆ. ನಾರಿನ ಪಕ್ಕ ನಾರು ಇಟ್ಟರೆ ಎಲ್ಲವೂ ಒಂದೇ ಥರ ಕಾಣುತ್ತದೆ.

ಅವರು ನಕ್ಕರು. “ಮುದ್ದಿ ನುಂಗಿ ಹೊಟ್ಟ್ಯಾಗ ಉಂಡಿ ಕಟ್ಟೋದಿದ್ರ ಕೂಡ್ಲಿಗಿ ತಾಲೂಕಿನಾಗ ಒಬ್ರೂ ಉಳೀತಿರಲಿಲ್ಲ. ನಾನೂ ನುಂಗಿನೇ ಬೆಳೆದವ.”

“ನಿಮ್ಮ ಹೊಟ್ಟಿ ಅರೀತದ ಸರ್. ಅವರ ಒಳಗಿನ ಒರಳು ನಾವು ತಗದೀವಿ. ಮ್ಯಾಲೆ ಹಲ್ಲಾದ್ರೂ ಕೆಲಸ ಮಾಡಬೇಕಿತ್ತು.”

ಅವರು ನಗುವುದನ್ನು ಬಿಟ್ಟು ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಹೊಲಿದ ಬಾಯಿ ನಿಜಕ್ಕೂ ಮುಚ್ಚಿಕೊಂಡಿದ್ದು, ನಾನು ದಿನ ಕಳೆದರೆ ಅಮ್ಮ ಇನ್ನಷ್ಟು ಸೋಲುತ್ತಾರೆ, ಆಪರೇಷನ್ ಮತ್ತಷ್ಟು ಕಷ್ಟವಾಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

“ಶುಕ್ರವಾರ ಬಿಡತೀನಿ,” ಎಂದರು. “ಸೋಮವಾರ ಕೊಯ್ಯೋದು. ಅಷ್ಟರಾಗ ಏನ್ ಮಾಡತಿ ಮಾಡು.”

ಆ ವಾರ ಹಡಗಲಿಗೂ ಹರಪನಹಳ್ಳಿಗೂ ಹೋಗಲಿಲ್ಲ. ಮೂಗಿನಿಂದ ನಳಿಕೆ ಇಳಿಸಿ, ಸೋಡಾ ಬೆರೆಸಿದ ಬೆಚ್ಚಗಿನ ಉಪ್ಪುನೀರನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಮೊದಲ ದಿನ ಬರೀ ನಾತದ ನೀರು. ಆಮೇಲೆ ಹಸಿರು ಚೂರುಗಳು ಬರತೊಡಗಿದವು. ಉಂಡೆ ಮೆತ್ತಗಾಗುತ್ತಿದೆ ಎಂದು ತಿಳಿದು ಎಂಡೋಸ್ಕೋಪ್ ಇಳಿಸಿದೆ. ಕರುಳಿನಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟುಗಳನ್ನು ಕತ್ತರಿಸಲು ಬಳಸುವ ತಂತಿಯ ಕುಣಿಕೆಯೊಂದು ನನ್ನಲ್ಲಿತ್ತು. ಅದನ್ನು ಉಂಡೆಗೆ ಹಾಕಿ ಬಿಗಿದರೆ ಬೆಲ್ಲದ ಅಚ್ಚನ್ನು ದಾರದಿಂದ ಕೊಯ್ದಂತೆ ಒಂದು ತುಂಡು ಬೇರೆಯಾಗುತ್ತಿತ್ತು.

ತುಂಡನ್ನು ಏನು ಮಾಡುವುದು? ಹೊಲಿದ ಬಾಯಿಯ ಕಡೆ ತಳ್ಳಿದರೆ ಕೆಲಸ ಸುಲಭ, ಬೇಗ ಮುಗಿಯುತ್ತದೆ. ಆದರೆ ಜಠರಕ್ಕಿಂತ ಕರುಳು ಕಿರಿದು. ಅಲ್ಲಿ ಸಿಕ್ಕಿಕೊಂಡರೆ ಕತ್ತಿಯೇ ಗತಿ. ಒಂದೊಂದನ್ನೂ ಬಾಯಿಂದಲೇ ಹೊರಗೆ ತರಲು ನಿರ್ಧರಿಸಿದೆ. ಎಂದರೆ ಪ್ರತಿ ತುಂಡಿಗೂ ಕೊಳವೆ ಹೊರಗೆ, ಮತ್ತೆ ಒಳಗೆ. ಅಮ್ಮ ಹಲ್ಲುಗಳ ನಡುವೆ ಇಟ್ಟ ಪ್ಲಾಸ್ಟಿಕ್ ಬಳೆಯನ್ನು ಕಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಸಹಿಸಿದರು. ನಡುವೆ ಒಮ್ಮೆ ಬಳೆ ತೆಗೆದಾಗ ಉಗುಳು ಒರೆಸಿಕೊಂಡು, “ಬಾವ್ಯಾಗ ಬಿದ್ದ ಕೊಡ ಹುಡುಕಿದಂಗ ಹುಡುಕಾಕತ್ತೀರಲ್ಲ. ಸಿಕ್ತೇನು?” ಎಂದರು.

“ಕಂಠ ಸಿಕ್ಕದ. ಕೊಡ ಇನ್ನೂ ಒಳಗ ಅದ.”

“ಎಳೀರಿ. ನಮ್ಮೂರ ಕೊಡ, ಗಟ್ಟಿ ಇರತೈತಿ.”

ಭಾನುವಾರ ಬೆಳಿಗ್ಗೆ ಉಳಿದ ದೊಡ್ಡ ತುಂಡಿಗೆ ಕುಣಿಕೆ ಹಾಕುತ್ತಿದ್ದಾಗ ಅವರಿಗೆ ಓಕರಿಕೆ ಬಂತು. ಕುಣಿಕೆ ಜಾರಿತು. ಕಣ್ಣು ತೀಡಿಕೊಂಡು ಮತ್ತೆ ನೋಡಿದರೆ ತುಂಡು ಇಲ್ಲ. ಜಠರದ ಮೂಲೆ ಮೂಲೆ ಹುಡುಕಿದೆ. ಹೊಲಿದ ಬಾಯಿಯ ಅಂಚಿನಿಂದ ಸ್ವಲ್ಪ ರಕ್ತ ಜಿನುಗಿ ಏನೂ ಸ್ಪಷ್ಟವಾಗಿರಲಿಲ್ಲ. ತುಂಡು ಕರುಳಿಗೆ ಇಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿತು. ನೋವು ಅಲೆಯಾಗಿ ಬಂದು ಹೋಗುತ್ತಿತ್ತು. ಬಂದಾಗ ಮಂಚದ ಕಂಬಿ ಹಿಡಿಯುತ್ತಿದ್ದರು. ಸರ್ಜನ್ ಬಂದು ಹೊಟ್ಟೆ ಮುಟ್ಟಿ ನೋಡಿ, ಆಪರೇಷನ್ ಕೋಣೆ ಸಿದ್ಧ ಮಾಡಲು ಸಿಸ್ಟರ್‌ಗೆ ಹೇಳಿದರು. ನನ್ನ ಕಡೆ ತಿರುಗಿ, “ಈಗೇನಂತಿ?” ಎಂದರು.

ಸ್ಟೆತೋಸ್ಕೋಪ್ ಹೊಟ್ಟೆಗೆ ಇಟ್ಟು ಕೇಳಿದೆ. ಕರುಳು ಜೋರಾಗಿ ಗುಡುಗುಡು ಎನ್ನುತ್ತಿತ್ತು. ದುಡಿಯುತ್ತಿರುವ ಕರುಳು. ಸದ್ದು ನಿಂತಿದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ನಾನು ಮಾತಾಡುತ್ತಿರಲಿಲ್ಲ.

“ಸಂಜೀಮಟ ನೋಡೋಣ ಸರ್. ಡ್ರಿಪ್ ಇರಲಿ, ಮೂಗಿನ ನಳಿಕಿ ಇರಲಿ. ನಾಡಿ ಏರಿದರ, ಹೊಟ್ಟಿ ಬಿಗಿದರ, ಹೊತ್ತು ನೋಡದ ನೀವು ಕೊಯ್ರಿ.”

ಅವರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತು, ನಾಡಿಯ ಮೇಲೆ ಬೆರಳಿಟ್ಟರು. ಕೂರಲು ನನ್ನಿಂದ ಆಗಲಿಲ್ಲ. ಬಸ್ ನಿಲ್ದಾಣದವರೆಗೆ ಹೋಗಿ ಬಂದೆ, ಮತ್ತೆ ಹೋದೆ. ನುಂಗಿ ಬದುಕುವ ಇಡೀ ಸೀಮೆಯನ್ನು ಬಿಟ್ಟು ಒಂದು ಎಳೆ ನಾರನ್ನು ನಂಬಿ ಆಪರೇಷನ್ ಮುಂದೂಡಿಸಿದವನು ನಾನು. ಗಡ್ಡೆಯಲ್ಲ ಎಂದು ಹೇಳಿದ ಕಣ್ಣೂ ನನ್ನದೇ. ಎರಡನೇ ಸಲ ಹಿಂದಿರುಗುವಾಗ ಬಾಗಿಲಲ್ಲಿ ತಮ್ಮ ನಿಂತಿದ್ದ. ದೂರದಿಂದಲೇ ಕೂಗಿದ.

“ಡಾಕ್ಟ್ರ, ಅಕ್ಕ ಗಾಳಿ ಬಿಟ್ಲು.”

ವಾರ್ಡಿನವರಿಗೆಲ್ಲ ಕೇಳಿಸಿತು. ಸರ್ಜನ್ ಕುರ್ಚಿಯಿಂದ ಎದ್ದು ಬೆನ್ನು ನೀವಿಕೊಳ್ಳುತ್ತಿದ್ದರು. ಪಕ್ಕದ ಮಂಚದ ಅಜ್ಜಿ ಯಾರನ್ನೂ ನೋಡದೆ ಹೇಳಿದಳು, “ನಮ್ಮ ಮನ್ಯಾಗ ಮುದುಕ ದಿನಾ ಬಿಡತಾನ. ಯಾರೂ ಓಡಿಹೋಗಿ ಡಾಕ್ಟ್ರಿಗೆ ಹೇಳಲ್ಲ.” ನಕ್ಕರೆ ಹೊಟ್ಟೆ ನೋಯುತ್ತದೆಂದು ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಗಾಳಿ ದಾಟಿತೆಂದರೆ ಕರುಳು ಕಟ್ಟಿಕೊಂಡಿಲ್ಲ; ಸಂಜೆಗೆ ಹೊಟ್ಟೆಯೂ ಇಳಿಯಿತು. ಮರುದಿನ ಆಪರೇಷನ್ ಕೋಣೆಗೇ ಕರೆದೊಯ್ದು, ಕತ್ತಿಗೆ ಮೊದಲು ಇನ್ನೊಮ್ಮೆ ಕೊಳವೆ ಇಳಿಸಿದೆ. ಜಠರ ಖಾಲಿ. ಹೊಲಿದ ಬಾಯಿ ಎದುರಿಗೇ ಇತ್ತು. ಅಂಚಿನಲ್ಲಿ ಸ್ವಲ್ಪ ಬಾವು, ಒಂದು ಸಣ್ಣ ಹುಣ್ಣು. ಕೊಳವೆ ತಡೆಯಿಲ್ಲದೆ ದಾಟಿತು, ಆ ಕಡೆಯ ಕರುಳಿನ ಎರಡೂ ಕವಲಿಗೆ ಹೋಗಿ ಬಂತು. ಹಿಂದೆ ಸರಿಸಿ, ಬಾಯಿ ಕಾಣುವಂತೆ ಅಲ್ಲಾಡದೆ ಹಿಡಿದು, ಸರ್ಜನ್‌ರನ್ನು ಕರೆದೆ. ನನಗೆ ನೆನಪಿರುವಂತೆ ಅವರು ಅದುವರೆಗೆ ಎಂಡೋಸ್ಕೋಪಿಗೆ ಕಣ್ಣಿಟ್ಟವರಲ್ಲ. ಕೈಯಿಂದ ಮುಟ್ಟಿದ್ದನ್ನು ಮಾತ್ರ ನಂಬುವವರು. ಕನ್ನಡಕ ತೆಗೆದು ಬಗ್ಗಿದರು. ಬಹಳ ಹೊತ್ತು ನೋಡಿದರು.

“ತೆರೆದೈತಿ,” ಎಂದರು. ಇನ್ನೂ ಕಣ್ಣು ತೆಗೆಯದೆ, “ಚಲೋ ಹೊಲಿದೀನಲ್ಲೋ,” ಎಂದರು.

ಈ ಇಡೀ ಪ್ರಸಂಗದಲ್ಲಿ ನನ್ನದೊಂದು ಅವರದೊಂದು ಎಂದು ಎರಡು ಕಣ್ಣು ನೋಡಿದ್ದು ಅದೊಂದನ್ನೇ. ಉಳಿದದ್ದನ್ನು ನೆನಪು ಎಷ್ಟು ತಿದ್ದಿದೆಯೋ ಕಾಣೆ. ಉಂಡೆ ಕಿತ್ತಳೆಹಣ್ಣಿನಷ್ಟಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ತುಂಡುಗಳನ್ನು ತಟ್ಟೆಯಲ್ಲಿ ಎತ್ತಿಟ್ಟ ಸಿಸ್ಟರ್ ಆಮೇಲೊಮ್ಮೆ ಸಿಕ್ಕಾಗ ನಿಂಬೆಹಣ್ಣಿನಷ್ಟು ಎಂದರು. ಹೊಲಿದ ಬಾಯಿ ತೆರೆದಿತ್ತು ಎಂಬುದಕ್ಕೆ ಮಾತ್ರ ನನಗೆ ಸಾಕ್ಷಿಯಿದೆ.

ಸಣ್ಣ ಹುಣ್ಣಿಗೆ ಗುಳಿಗೆ ಕೊಟ್ಟೆವು. ಗಂಜಿ, ಆಮೇಲೆ ಅನ್ನ, ಆಮೇಲೆ ನೆನೆಸಿದ ರೊಟ್ಟಿ. ಕಾಲಿನ ಬಾವು ಇಳಿಯಿತು. ಊರಿಗೆ ಹೊರಡುವ ದಿನ ಮುದ್ದೆ ಬಿಡಿ ಎಂದು ನಾನು ಹೇಳಲಿಲ್ಲ. ಪುಂಡಿ ಬಿಡಿ, ಮುದ್ದೆ ಅಗಿಯಿರಿ ಎಂದೆ. “ನನ್ನ ಖಾನಾವಳ್ಯಾಗ ನಾನ ಮುದ್ದಿ ಅಗಿದ್ರ ಗಿರಾಕಿ ಏನಂದಾರು?” ಎಂದು ಗೊಣಗಿದರು. ಆಮೇಲೆ ತಿಂಗಳುಗಟ್ಟಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತಿದ್ದರೆಂದು ತಮ್ಮನಿಂದ ತಿಳಿಯಿತು.

ಆಮೇಲಿನ ವರ್ಷಗಳಲ್ಲಿ ಹುಣ್ಣಿಗೆ ಒಳ್ಳೆಯ ಗುಳಿಗೆಗಳು ಬಂದವು. ಬೈಪಾಸ್ ಮಾಡಿಸಿಕೊಳ್ಳುವವರು ಕಡಿಮೆಯಾಗುತ್ತ ಬಂದು ಕೊನೆಗೆ ಬರುವುದೇ ನಿಂತಿತು. ಆದರೆ ಅದಕ್ಕೆ ಮೊದಲು ನಮ್ಮ ನರ್ಸಿಂಗ್ ಹೋಮಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಸರ್ಜನ್ ಮೆತ್ತಗಿನದು ಉಣ್ಣಿ ಎನ್ನುವುದನ್ನು ಬಿಟ್ಟಿದ್ದರು. ಬೈಪಾಸ್ ಆದವರು ಮನೆಗೆ ಹೋಗುವ ಮುನ್ನ ಅವರೆದುರು ಒಂದು ತುತ್ತು ಮುದ್ದೆ ಅಗಿದು ತೋರಿಸಬೇಕು.

ಹೀಗೆ ಒಬ್ಬ ಲಾರಿ ಡ್ರೈವರ್ ಹೊರಡುವವನಿದ್ದ. ಹಡಗಲಿಯವನೋ ಅರಸೀಕೆರೆಯವನೋ, ಭಾರೀ ಆಳು. ಅಗಿಯುವುದೆಂದರೆ ನಾಚಿಕೆ, ಸರ್ಜನ್ ಎಷ್ಟು ಹೇಳಿದರೂ ಎರಡು ಸಲ ದವಡೆ ಆಡಿಸಿ ನುಂಗಿಬಿಡುತ್ತಿದ್ದ. ತಪಾಸಣೆಗೆಂದು ಕೊಟ್ಟೂರಿನಿಂದ ಬಂದಿದ್ದ ಅಮ್ಮ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಮೈ ತುಂಬಿಕೊಂಡಿದ್ದರು. ಎದ್ದುಬಂದು ಅವನ ತಟ್ಟೆಯಿಂದ ಒಂದು ತುತ್ತು ಮುರಿದು ತಾವು ಬಾಯಿಗೆ ಹಾಕಿಕೊಂಡು, ಎಲ್ಲರೆದುರು ಅಗಿಯತೊಡಗಿದರು.

“ಅಗಿಯಾಕ ನಾನೇನು ಎಮ್ಮಿ ಏನಬೇ?” ಎಂದ ಅವನು.

“ಎಮ್ಮಿಗಿರೋ ಬುದ್ಧಿ ನಿನಗಿಲ್ಲ. ಅದು ಎರಡ್ ಸಲ ಅಗೀತೈತಿ. ಹೂಂ, ಹಾಕ್ಕೊ.”

ಅವನು ಹಾಕಿಕೊಂಡ. ಅಗಿದ. ಮುಖ ಕಿವುಚಿಕೊಂಡು ಇನ್ನಷ್ಟು ಅಗಿದ. ಅಮ್ಮ ಅವನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಬಾಯಿ ತೆಗಿ. ನಾಲಿಗಿ ಎತ್ತು. ಈ ಕಡೆ ದವಡಿ ತೋರಿಸು,” ಎಂದು ಬಗ್ಗಿ ಒಳಗೆ ನೋಡಿ, “ಇನ್ನೂ ಐತಿ. ಅಗಿ,” ಎಂದರು.

ನಾನು ಎಂಡೋಸ್ಕೋಪಿನ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಲ್ಲಿ ಅದನ್ನು ತೆರೆಯುವ ಕೆಲಸವಿರಲಿಲ್ಲ. ಕೂಡ್ಲಿಗಿಯ ಬಸ್ಸಿಗೆ ಹೊತ್ತಾಗಿತ್ತು.